ಬೆರ್ತಾ ಓಡಿಸಿದ ಮೂರು ಗಾಲಿಯ ಬಂಡಿ

ಭಾರತ ಹುಣ್ಣಿಮೆಗೆ ಉಗರಗೋಳದ ಹಾದಿಯಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿ, ಟ್ರ್ಯಾಕ್ಟರ್, ಕಾರು ಎಲ್ಲವೂ ಒಂದರ ಹಿಂದೊಂದು ಸಾಗುತ್ತವೆ. ಚಕ್ಕಡಿಯ ಕಾಲ ಮುಗಿಯದೇ ಕಾರು ಹುಟ್ಟಿದ್ದು ಜರ್ಮನಿಯ ಮ್ಯಾನ್‌ಹೈಮ್ ಊರಲ್ಲಿ. ಕಾರ್ಲ್ ಬೆಂಜ್ ತನ್ನ ಮೋಟಾರು ಬಂಡಿಯ ಪೇಟೆಂಟಿಗೆ ಅರ್ಜಿ ಹಾಕಿದ್ದು 1886ರ ಜನವರಿ 29ರಂದು.

ಮೂರು ಗಾಲಿ, ಹಿಂದೆ ಒಂದೇ ಸಿಲಿಂಡರಿನ ಎಂಜಿನ್. ಶಕ್ತಿ ಒಂದು ಅಶ್ವಶಕ್ತಿಗೂ ಕಡಿಮೆ, ವೇಗ ಗಂಟೆಗೆ ಸುಮಾರು 16 ಕಿ.ಮೀ. ಸ್ಟೇರಿಂಗ್ ಚಕ್ರವಿಲ್ಲ, ಒಂದು ಹಿಡಿಕೆಯಿಂದ ಮುಂದಿನ ಗಾಲಿ ತಿರುಗಿಸಬೇಕು. ಚಾಲೂ ಮಾಡಲು ಹಿಂದಿನ ಎಂಜಿನ್ನಿನ ದೊಡ್ಡ ಗತಿಚಕ್ರವನ್ನು ಕೈಯಿಂದ ತಿರುವಬೇಕು.

ಬಂಡಿ ಚೆನ್ನಾಗಿತ್ತು, ಕೊಳ್ಳುವವರಿರಲಿಲ್ಲ. ಮದುವೆಗೆ ಮೊದಲೇ ತನ್ನ ಪಾಲಿನ ಹಣ ತರಿಸಿ ಬೆಂಜನ ಕಾರ್ಖಾನೆ ಉಳಿಸಿದ್ದ ಹೆಂಡತಿ ಬೆರ್ತಾ ಇದನ್ನು ನೋಡುತ್ತ ಕೂರಲಿಲ್ಲ. 1888ರ ಆಗಸ್ಟಿನ ಒಂದು ಮುಂಜಾನೆ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟಳು. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ, ಉಗರಗೋಳದಿಂದ ಹೊರಟರೆ ಬೆಳಗಾವಿ ದಾಟುವಷ್ಟು.

ಪೆಟ್ರೋಲ್ ಬಂಕು ಅನ್ನುವುದೇ ಇರಲಿಲ್ಲ. ವೀಸ್ಲೋಕ್ ಊರಿನ ಔಷಧಿ ಅಂಗಡಿಯಲ್ಲಿ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನೇ ಕೊಂಡು ಎಂಜಿನ್ನಿಗೆ ಸುರಿದರು. ಎಂಜಿನ್ ತಂಪಾಗಿಡುವ, ಬಿಸಿಗೆ ಆವಿಯಾಗುತ್ತಿದ್ದ ನೀರನ್ನು ದಾರಿಯುದ್ದಕ್ಕೂ ತುಂಬಿಸಬೇಕಾಯಿತು. ಇಂಧನದ ಕೊಳವೆ ಕಟ್ಟಿಕೊಂಡಾಗ ಬೆರ್ತಾ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದಳು. ಸರಪಳಿಗೆ ಕಮ್ಮಾರನ ಸಹಾಯ ಬೇಕಾಯಿತು. ಮರದ ಬ್ರೇಕ್ ಸವೆದಾಗ ಚಮ್ಮಾರನಿಂದ ಅದಕ್ಕೆ ತೊಗಲು ಹೊಡೆಸಿದಳು. ಇಂದಿನ ಕಾರಿನ ಬ್ರೇಕ್ ಲೈನಿಂಗಿನ ಮೂಲ ಅದು. ಏರಿನಲ್ಲಿ ಬಂಡಿ ನಿಂತಾಗ ಮಕ್ಕಳು ಇಳಿದು ನೂಕಿದರು. ಮುಂದೆ ಬೆಂಜ್ ಏರಿಗಾಗಿಯೇ ಇನ್ನೊಂದು ಗೇರ್ ಸೇರಿಸಿದ.

ಸಂಜೆ ತವರು ಮುಟ್ಟಿ ಗಂಡನಿಗೆ ತಂತಿ ಕಳಿಸಿದಳು.

ಕಾರಿನ ಇತಿಹಾಸ ಬರೆಯುವವರು ಪೇಟೆಂಟಿನ ದಿನವನ್ನೇ ದೊಡ್ಡದು ಮಾಡುತ್ತಾರೆ. ನನ್ನ ಮಟ್ಟಿಗೆ ಈ ಪ್ರಯಾಣವೇ ದೊಡ್ಡದು. ನಮ್ಮ ಕಡೆ ಬಡಿಗೇರರು, ಕಮ್ಮಾರರು ಚಕ್ಕಡಿಯನ್ನು ಕಾಪಾಡಿಕೊಂಡು ಬಂದಂತೆ, ಆ ಊರುಗಳ ಕಸುಬುದಾರರ ಕೈಯಲ್ಲಿ ಕಾರು ದಾರಿಗೆ ಬಿತ್ತು. ಆ ಚಮ್ಮಾರನ ಹೆಸರು ಪೇಟೆಂಟಿನಲ್ಲಿಲ್ಲ, ಬೆರ್ತಾಳದೂ ಇಲ್ಲ.

ಬೆಂಜನ ಮೊದಲ ಬಂಡಿ ಮ್ಯೂನಿಕ್‌ನ ಜರ್ಮನ್ ವಸ್ತುಸಂಗ್ರಹಾಲಯದಲ್ಲಿದೆ. ಅಷ್ಟು ದೂರ ಹೋಗಲಾಗದವರು ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯಕ್ಕೆ ಹೋಗಿ, ಧರ್ಮಸ್ಥಳದ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳನ್ನು ನೋಡಿ. ಮಕ್ಕಳನ್ನೂ ಕರೆದೊಯ್ಯಿರಿ, ಗಾಲಿ, ಬ್ರೇಕುಗಳನ್ನು ಬಗ್ಗಿ ನೋಡಲು ಹೇಳಿ.