ಮೌನ ರಕ್ಷಣೆಯಲ್ಲ

ಮನೆಯ ಹೊರಗೆ ಮನುಷ್ಯನು ಹೆಚ್ಚು ಕಾಲವನ್ನು ಕಳೆಯುವ ತಾಣಗಳು ಎರಡು. ಎಳವೆಯಲ್ಲಿ ವಿದ್ಯಾಲಯ, ಬೆಳೆದ ಮೇಲೆ ದುಡಿಮೆಯ ಸ್ಥಳ. ಒಂದು ಅರಿವನ್ನು ಕೊಡುತ್ತದೆ, ಇನ್ನೊಂದು ಅನ್ನವನ್ನು ಕೊಡುತ್ತದೆ. ಇವೆರಡೂ ನಿರ್ಭಯದ ನೆಲೆಗಳಾಗಿರಬೇಕು. ಅಂಜಿಕೆ ತುಂಬಿದ ಮನಸ್ಸಿಗೆ ಪಾಠ ಹತ್ತದು. ಅವಮಾನದಿಂದ ಕುಗ್ಗಿದವರಿಗೆ ಕೆಲಸದಲ್ಲಿ ಶ್ರದ್ಧೆ ಮೂಡದು.

ಹಿಂಸೆಯೆಂದರೆ ಹೊಡೆತ ಬಡಿತಗಳಷ್ಟೇ ಅಲ್ಲ. ಜಾತಿ, ಮೈಬಣ್ಣ, ಮಾತಿನ ಧಾಟಿಗಳನ್ನು ಹಿಡಿದು ಹಂಗಿಸುವುದು, ಹಣವನ್ನು ಕಸಿಯುವುದು, ಒಪ್ಪಿಗೆಯಿಲ್ಲದೆ ಮೈ ಮುಟ್ಟುವುದು, ಗುಟ್ಟಾಗಿ ತೆಗೆದ ಚಿತ್ರವನ್ನು ಮೊಬೈಲಿನಲ್ಲಿ ಹರಡುವೆನೆಂದು ಬೆದರಿಸುವುದು ಇವೆಲ್ಲವೂ ಹಿಂಸೆಯೇ. ‘ತಮಾಷೆಗೆ ಮಾಡಿದೆವು’ ಎಂದು ಹಲವರು ನುಣುಚಿಕೊಳ್ಳುವುದುಂಟು. ತಮಾಷೆಯಲ್ಲಿ ಇಬ್ಬರೂ ನಗುತ್ತಾರೆ. ಒಬ್ಬರು ಸಾಕೆಂದರೆ ಅದು ನಿಲ್ಲುತ್ತದೆ. ಸಾಕೆಂದರೂ ನಿಲ್ಲದಿರುವುದು ಹಿಂಸೆ.

ನಾನು ಉಪಾಧ್ಯಾಯನಾಗಿದ್ದ ಒಂದು ಊರಿನಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬೇಕು. ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿದ್ದ ಹುಡುಗನೊಬ್ಬನ ತೋಳಿನಲ್ಲಿ ಬಾಸುಂಡೆಯನ್ನು ಕಂಡು, ಏನೆಂದು ಕೇಳಿದೆ. ‘ಬಿದ್ದೆ ಸಾರ್’ ಎಂದ. ನಾನು ಮತ್ತೆ ಕೇಳಲಿಲ್ಲ. ದಸರಾ ರಜೆಗೆ ಊರಿಗೆ ಹೋದವನು ಶಾಲೆಗೆ ಮರಳಲಿಲ್ಲ. ಬಡತನವೇ ಕಾರಣವಿರಬೇಕೆಂದು ಭಾವಿಸಿ ಸುಮ್ಮನಾದೆ. ದೊಡ್ಡ ಹುಡುಗರು ಪ್ರತಿ ರಾತ್ರಿ ಅವನಿಂದ ತಮ್ಮ ಬಟ್ಟೆ ಒಗೆಸುತ್ತಿದ್ದರೆಂದೂ, ಒಪ್ಪದಿದ್ದರೆ ಹೊಡೆಯುತ್ತಿದ್ದರೆಂದೂ ವರ್ಷ ಕಳೆದ ಮೇಲೆ ತಿಳಿಯಿತು. ಅವನ ಕೊಠಡಿಯ ಹುಡುಗರಿಗೆಲ್ಲ ಇದು ಗೊತ್ತಿತ್ತು, ಯಾರೂ ಹೇಳಿರಲಿಲ್ಲ. ಹೊಡೆದವರು ಮೂವರೇ ಆದರೂ, ಅವನ ಓದನ್ನು ನಿಲ್ಲಿಸಿದುದರಲ್ಲಿ ಸುಮ್ಮನಿದ್ದ ನಮ್ಮೆಲ್ಲರ ಪಾಲೂ ಇತ್ತು.

ಹೊಸಬರನ್ನು ಹೀಗೆ ಪೀಡಿಸುವುದಕ್ಕೆ ರ್‍ಯಾಗಿಂಗ್ ಎಂದು ಹೆಸರು. 1983ರ ಕರ್ನಾಟಕ ಶಿಕ್ಷಣ ಅಧಿನಿಯಮವು ಇದನ್ನು ಅಪರಾಧವೆಂದು ಸಾರಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2009ರಲ್ಲಿ ಕಾಲೇಜುಗಳಿಗಾಗಿ ಕಟ್ಟುನಿಟ್ಟಾದ ನಿಯಮಗಳನ್ನು ರೂಪಿಸಿತು. ಇವುಗಳ ಪ್ರಕಾರ ವಿದ್ಯಾರ್ಥಿಯೂ ಪೋಷಕರೂ ರ್‍ಯಾಗಿಂಗ್‌ನಲ್ಲಿ ತೊಡಗುವುದಿಲ್ಲವೆಂಬ ಮುಚ್ಚಳಿಕೆಯನ್ನು ಬರೆದುಕೊಡಬೇಕು. ತಪ್ಪಿದವರನ್ನು ಕಾಲೇಜಿನಿಂದ ಹೊರಹಾಕಲೂಬಹುದು.

ದುಡಿಯುವ ಸ್ಥಳದ ರಕ್ಷಣೆಗೂ ಕಾನೂನು ಉಂಟು. ಅದರ ಹಿಂದೆ ಒಬ್ಬ ಹೆಣ್ಣುಮಗಳ ಧೈರ್ಯವಿದೆ. 1992ರಲ್ಲಿ ರಾಜಸ್ಥಾನದ ಹಳ್ಳಿಯೊಂದರಲ್ಲಿ ಸರ್ಕಾರದ ಮಹಿಳಾ ಕಾರ್ಯಕ್ರಮದ ಕಾರ್ಯಕರ್ತೆಯೊಬ್ಬರು ಬಾಲ್ಯವಿವಾಹವನ್ನು ತಡೆಯಲೆತ್ನಿಸಿ, ಆ ಕಾರಣದಿಂದಲೇ ಘೋರ ಅತ್ಯಾಚಾರಕ್ಕೆ ಗುರಿಯಾದರು. ನಾಚಿಕೆಪಡಬೇಕಾದವರು ತಾವಲ್ಲವೆಂದು ಅವರು ದೂರು ಕೊಟ್ಟರು. ಮಹಿಳಾ ಸಂಘಟನೆಗಳು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕವು. 1997ರಲ್ಲಿ ಆ ನ್ಯಾಯಾಲಯವು ‘ವಿಶಾಖಾ’ ಎಂದು ಹೆಸರಾದ ತೀರ್ಪನ್ನು ನೀಡಿ, ಉದ್ಯೋಗಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ ಮಾರ್ಗಸೂಚಿಗಳನ್ನು ವಿಧಿಸಿತು. 2013ರಲ್ಲಿ ಸಂಸತ್ತು ಇದಕ್ಕೆ ಕಾನೂನಿನ ರೂಪವಿತ್ತಿತು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವೆಡೆಯಲ್ಲಿ ದೂರು ವಿಚಾರಿಸಲು ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷಸ್ಥಾನದಲ್ಲಿ ಮಹಿಳೆಯೇ ಇರಬೇಕು. ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಾಗಿರಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಸಲ್ಲಿಸಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳ ಅವಕಾಶ ಕೊಡಬಹುದು. ಮನೆಗೆಲಸದವರಿಗೂ ಸಣ್ಣ ಅಂಗಡಿಗಳಲ್ಲಿ ದುಡಿಯುವವರಿಗೂ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕೆಂದು ಕಾನೂನು ಹೇಳುತ್ತದೆ.

ಆದರೆ ಯಾರಾದರೂ ಬಾಯಿಬಿಡದ ಹೊರತು ಕಾನೂನು ಕಾಪಾಡಲಾರದು. ಹಿಂಸೆ ಎದುರಾದಾಗ ಮೊದಲು ಆ ಸ್ಥಳವನ್ನು ಬಿಟ್ಟು ಜನರಿರುವೆಡೆಗೆ ಸೇರಬೇಕು. ಏಕಾಕಿಯಾಗಿ ಸೆಣಸಲು ಹೋಗುವುದು ಶೌರ್ಯವೆನಿಸದು. ಅನಂತರ ತಂದೆತಾಯಿ, ಉಪಾಧ್ಯಾಯರು, ನಿಲಯಪಾಲಕರು, ಇವರಲ್ಲಿ ನಂಬಿಕೆಯುಳ್ಳ ಒಬ್ಬರಿಗೆ ತಿಳಿಸಬೇಕು. ಅವರು ಕಿವಿಗೊಡದಿದ್ದರೆ ಇನ್ನೊಬ್ಬರಿಗೆ ಹೇಳಬೇಕು. ನಡೆದುದರ ದಿನ, ವೇಳೆ, ಸ್ಥಳಗಳನ್ನು ಬರೆದಿಡಬೇಕು. ಬೆದರಿಕೆಯ ಸಂದೇಶಗಳನ್ನು ಅಳಿಸಬಾರದು, ಅವೇ ಸಾಕ್ಷ್ಯ. ಸಂಕಟದಲ್ಲಿರುವ ಮಕ್ಕಳು 1098ಕ್ಕೂ, ತುರ್ತು ಸಮಯದಲ್ಲಿ ಯಾರೇ ಆದರೂ 112ಕ್ಕೂ ಕರೆಮಾಡಬಹುದು.

ಹೇಳಿದರೆ ಚಾಡಿಕೋರನೆಂಬ ಹೆಸರು ಬಂದೀತೆಂದು ಕೆಲವರು ಹಿಂಜರಿಯುತ್ತಾರೆ. ಚಾಡಿ ಹೇಳುವವನು ಇನ್ನೊಬ್ಬನನ್ನು ತೊಂದರೆಗೆ ಸಿಲುಕಿಸಲು ಹೇಳುತ್ತಾನೆ. ದೂರು ಹೇಳುವವನು ಇನ್ನೊಬ್ಬನನ್ನು ತೊಂದರೆಯಿಂದ ಬಿಡಿಸಲು ಹೇಳುತ್ತಾನೆ. ಎರಡಕ್ಕೂ ಅಜಗಜಾಂತರವಿದೆ. ನೋವುಂಡವರು ಒಮ್ಮೊಮ್ಮೆ ಭಯದಿಂದ ಮಾತನ್ನೇ ಕಳೆದುಕೊಂಡಿರುತ್ತಾರೆ. ಆಗ ಅವರ ಪರವಾಗಿ ನುಡಿಯಬೇಕಾದವರು ಕಂಡವರೇ.

ಆ ಹುಡುಗನು ‘ಬಿದ್ದೆ’ ಎಂದಾಗ ನಾನು ಇನ್ನೊಮ್ಮೆ ಕೇಳಬಹುದಾಗಿತ್ತು. ಈ ಕೊರಗು ನನ್ನನ್ನು ಇಂದಿಗೂ ಬಿಟ್ಟಿಲ್ಲ. ನಿಮ್ಮ ಪಕ್ಕದ ಗೆಳೆಯನೋ ಗೆಳತಿಯೋ ಇದ್ದಕ್ಕಿದ್ದಂತೆ ಮಂಕಾಗಿ ಕುಳಿತರೆ, ಶಾಲೆಗೆ ಬರಲು ಅಂಜಿದರೆ, ಒಮ್ಮೆ ಕೇಳಿರಿ. ಉತ್ತರ ಬಾರದಿದ್ದರೆ ಇನ್ನೊಮ್ಮೆ ಕೇಳಿರಿ.