ಕನ್ನಡ ತರಗತಿಯಲ್ಲಿ ಕೃತಿಸ್ವಾಮ್ಯದ ಪಾಠ

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಸಂಗತಿ ಕನ್ನಡ ಸಾಹಿತ್ಯಚರಿತ್ರೆಯ ಮೊದಲ ಪಾಠಗಳಲ್ಲೊಂದು. ಪ್ರತಿ ಮಾಡುವುದು ಪುಣ್ಯಕಾರ್ಯವೆಂದು ಹೇಳಿಕೊಟ್ಟ ಅಧ್ಯಾಪಕನೇ ಇಂದು ಪ್ರತಿ ಮಾಡುವುದು ಅಪರಾಧವಾಗಬಹುದೆಂದೂ ಹೇಳಬೇಕಾಗಿದೆ. ಮುಂಬಯಿಯಲ್ಲಿ ಈ ಇಕ್ಕಟ್ಟು ಇನ್ನಷ್ಟು ತೀವ್ರವಾದುದು. ಡೊಂಬಿವಲಿಯಲ್ಲಿಯೋ ಮೀರಾ ರೋಡಿನಲ್ಲಿಯೋ ಕನ್ನಡ ಕಲಿಯುವ ಬಾಲಕನಿಗೆ ಕನ್ನಡ ಪುಸ್ತಕದ ಅಂಗಡಿ ಸುಲಭವಾಗಿ ಸಿಗುವಂಥದಲ್ಲ. ಕಾದಂಬರಿಯೊಂದು ಅವನನ್ನು ತಲುಪುವುದಾದರೆ ಮೊಬೈಲಿನಲ್ಲಿ ಬರುವ ಪಿಡಿಎಫ್ ರೂಪದಲ್ಲಿಯೇ. ಅದನ್ನು ವಾಟ್ಸಪ್ ಗುಂಪಿಗೆ ಕಳುಹಿಸಿದವರು ಕೆಲವೊಮ್ಮೆ ಅವನ ಗುರುಗಳೇ ಆಗಿರುವುದೂ ಉಂಟು.

ಈ ವಿಷಯವನ್ನು ಶಾಲಾಮಕ್ಕಳಿಗೆ ತಿಳಿಸುವ ಯತ್ನಗಳು ನಡೆದಿಲ್ಲವೆಂದಲ್ಲ. 2016ರ ರಾಷ್ಟ್ರೀಯ ಬೌದ್ಧಿಕ ಸ್ವತ್ತಿನ ನೀತಿಯ ತರುವಾಯ ಕೇಂದ್ರ ಸರ್ಕಾರವು 2018ರಲ್ಲಿ 'ಐಪಿ ನಾನಿ' ಎಂಬ ಅಜ್ಜಿಯ ಪಾತ್ರವನ್ನು ಸೃಷ್ಟಿಸಿ ಮಕ್ಕಳ ಮುಂದಿಟ್ಟಿತು. 2021ರ ಡಿಸೆಂಬರಿನಲ್ಲಿ ವಿದ್ಯಾರ್ಥಿಗಳಿಗಾಗಿ ಅರಿವಿನ ಅಭಿಯಾನವೊಂದು ಆರಂಭವಾಯಿತು. ಆದರೆ ಇಂತಹ ಪ್ರಚಾರದ ಮುಖ್ಯ ಧ್ವನಿ 'ಕದಿಯಬೇಡಿ' ಎಂಬುದು. ಚಲನಚಿತ್ರಗಳ ನಗರವಾದ ಮುಂಬಯಿಯಲ್ಲಿ ಅದು ಸಹಜವೂ ಹೌದು. ಮಹಾರಾಷ್ಟ್ರವು 2009ರಲ್ಲಿ ಮುಂಜಾಗ್ರತಾ ಬಂಧನದ ಕಾನೂನಿನೊಳಗೆ ವಿಡಿಯೋ ನಕಲಿಕೋರರನ್ನೂ ಸೇರಿಸಿತು. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿಯು ಅವರಿಗೆ ಮೂರು ತಿಂಗಳಿನಿಂದ ಮೂರು ವರ್ಷಗಳ ಸೆರೆವಾಸವನ್ನು ವಿಧಿಸಿದೆ. ಏಳನೆಯ ತರಗತಿಯ ಮಗುವಿಗೆ ಮೊದಲು ತಿಳಿಯಬೇಕಾದುದು ಈ ಶಿಕ್ಷೆಗಳ ಪಟ್ಟಿಯೇ ಎಂಬುದು ಸಂದೇಹಾಸ್ಪದ. ಕನ್ನಡ ಅಧ್ಯಾಪಕನ ಬಳಿ ಇದಕ್ಕಿಂತ ಉತ್ತಮ ಸಾಮಗ್ರಿಯಿದೆ.

ಅತ್ತಿಮಬ್ಬೆಯ ಪ್ರಸಂಗವನ್ನೇ ತೆಗೆದುಕೊಳ್ಳಬಹುದು. ಪೊನ್ನನು ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಸ್ಥಾನದಲ್ಲಿ 'ಉಭಯಕವಿಚಕ್ರವರ್ತಿ' ಎನಿಸಿಕೊಂಡವನು. ಅವನ ಜೀವನ ಪ್ರತಿಗಳ ಮಾರಾಟವನ್ನು ಅವಲಂಬಿಸಿರಲಿಲ್ಲ. ಒಂದೊಂದು ಪ್ರತಿಯೂ ಒಬ್ಬ ಲಿಪಿಕಾರನ ದುಡಿಮೆ. ಕವಿಯ ಹೆಸರು ಕಾವ್ಯದೊಡನೆಯೇ ಸಾಗಿತು. ಇಂದಿನ ಲೇಖಕನಿಗೆ ರಾಜಾಶ್ರಯವಿಲ್ಲ, ಮಾರಾಟವಾದ ಪ್ರತಿಯ ಮೇಲಣ ಗೌರವಧನವಷ್ಟೇ ಉಂಟು. ಕನ್ನಡ ಪ್ರಕಾಶಕರು ಒಂದು ಮುದ್ರಣಕ್ಕೆ ವಾಡಿಕೆಯಂತೆ ತೆಗೆಯುತ್ತ ಬಂದಿರುವುದೂ ಸುಮಾರು ಸಾವಿರ ಪ್ರತಿಗಳನ್ನೇ ಎಂಬುದು ಇಲ್ಲಿ ಕುತೂಹಲಕರ. ಒಂದು ಪಿಡಿಎಫ್ ಅಷ್ಟು ಮಂದಿಗೆ ಒಂದೇ ಸಂಜೆಯಲ್ಲಿ ತಲುಪಬಲ್ಲದು, ಎಷ್ಟೋ ಸಲ ಮುಖಪುಟವೂ ಇಲ್ಲದೆ. ವಚನಕಾರರ ಮತ್ತು ಹರಿದಾಸರ ಅಂಕಿತಗಳನ್ನು ಬಾಯಿಪಾಠ ಮಾಡಿದ ಮಗುವಿಗೆ, ಹೆಸರು ಅಳಿಸಿಹೋದ ಕೃತಿಯಲ್ಲಿ ಏನು ನಷ್ಟವಾಯಿತೆಂದು ವಿವರಿಸುವುದು ಕಷ್ಟವಾಗಲಾರದು.

ಇನ್ನೊಂದು ಮುಖವನ್ನು ಬಹುಪಾಲು ಅಧ್ಯಾಪಕರೇ ಅರಿತಿರುವುದಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ 52ನೆಯ ಕಲಮು ತರಗತಿಗೆ ಸಾಕಷ್ಟು ಅವಕಾಶ ನೀಡಿದೆ. ಬೋಧನೆಯ ಸಂದರ್ಭದಲ್ಲಿ ಅಧ್ಯಾಪಕನಾಗಲಿ ವಿದ್ಯಾರ್ಥಿಯಾಗಲಿ ಕೃತಿಭಾಗವನ್ನು ಪ್ರತಿ ಮಾಡಿಕೊಳ್ಳುವುದು, ಪ್ರಶ್ನಪತ್ರಿಕೆಯಲ್ಲಿ ಬಳಸುವುದು, ಶಾಲೆಯವರು ಮತ್ತು ಪಾಲಕರ ಮುಂದೆ ಮಕ್ಕಳು ನಾಟಕವಾಡುವುದು ಉಲ್ಲಂಘನೆಯಲ್ಲ. ಕನ್ನಡದ್ದೇ ಆದ ನಿದರ್ಶನ ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯದು. 2001ರಲ್ಲಿ ದೆಹಲಿಯಲ್ಲಿ ನಡೆದ ಪ್ರದರ್ಶನವೊಂದರಿಂದ ಹುಟ್ಟಿದ ವ್ಯಾಜ್ಯವು ಉಡುಪಿಯ ನ್ಯಾಯಾಲಯದಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ಸಾಗಿತು. ಒಂದು ಕಡೆ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್, ಇನ್ನೊಂದು ಕಡೆ ಕಾರಂತರ ಉಯಿಲಿನಿಂದ ಹಕ್ಕು ಪಡೆದವರು. 2009ರ ಜನವರಿಯ ತೀರ್ಪು ಕಾರಂತರು ರೂಪಿಸಿದ ಪ್ರಯೋಗಗಳ ಮೇಲಣ ಸ್ವಾಮ್ಯವನ್ನು ಎತ್ತಿಹಿಡಿಯಿತು. ಜೊತೆಗೆ ಶಿಕ್ಷಣಸಂಸ್ಥೆಯ ಚಟುವಟಿಕೆಯಾಗಿ ಕಲಮಿನ ಮಿತಿಯೊಳಗೆ ಪ್ರದರ್ಶಿಸಿದರೆ ತಡೆಯಾಜ್ಞೆ ಅನ್ವಯಿಸದೆಂದೂ ಸ್ಪಷ್ಟಪಡಿಸಿತು. ವಾರ್ಷಿಕೋತ್ಸವಗಳಲ್ಲಿ ಯಕ್ಷಗಾನದ ಗೆಜ್ಜೆ ಕಟ್ಟುವ ಮುಂಬಯಿಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ದೊರೆಯದು. ಅದೇ ಪ್ರದರ್ಶನವನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸಿದಾಗ ಪ್ರೇಕ್ಷಕರು ಪಾಲಕರಷ್ಟೇ ಆಗಿ ಉಳಿಯುವುದಿಲ್ಲ. ಆಗ ಅನುಮತಿಯ ಪ್ರಶ್ನೆ ಏಳುತ್ತದೆ.

ಉಚಿತವಾದುದೆಲ್ಲ ಒಡೆಯನಿಲ್ಲದ್ದೆಂಬ ತಪ್ಪು ತಿಳಿವಳಿಕೆಗೆ ಮಕ್ಕಳ ಕೈಯಲ್ಲಿರುವ ಪಠ್ಯಪುಸ್ತಕವೇ ಉತ್ತರ. ಪುಣೆಯ ಬಾಲಭಾರತಿಯು ತನ್ನ ಕನ್ನಡ ಪಠ್ಯಗಳನ್ನೂ ಅಂತರಜಾಲದಲ್ಲಿ ಉಚಿತವಾಗಿ ಒದಗಿಸುತ್ತದೆ. ಸ್ವಾಮ್ಯವನ್ನು ಮಾತ್ರ ತನ್ನಲ್ಲಿಯೇ ಉಳಿಸಿಕೊಂಡಿದೆ. ಕವಿಪರಿಚಯದ ಭಾಗವಂತೂ ಒಳ್ಳೆಯ ಲೆಕ್ಕದ ಪಾಠವಾಗಬಲ್ಲದು. ಸ್ವಾಮ್ಯದ ಅವಧಿ ಲೇಖಕನ ಮರಣಾನಂತರದ 60 ವರ್ಷ, ಮುಂದಿನ ಕ್ಯಾಲೆಂಡರ್ ವರ್ಷದಿಂದ ಎಣಿಕೆ. 1992ಕ್ಕೆ ಮೊದಲು ಅದು 50 ಆಗಿತ್ತು. ಆದುದರಿಂದ 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಶಿಶುಗೀತೆಗಳು 1988ರಿಂದಲೇ ಸರ್ವರ ಸ್ವತ್ತು. 1979ರಲ್ಲಿ ತೀರಿಕೊಂಡ ರಾಜರತ್ನಂ ಅವರವು 2039ರ ಕೊನೆಯವರೆಗೆ ಹಾಗಲ್ಲ. ಮುಂಬಯಿಯಲ್ಲಿಯೇ 1981ರಲ್ಲಿ ಕೊನೆಯುಸಿರೆಳೆದ ಬೇಂದ್ರೆಯವರ ಕಾವ್ಯಕ್ಕೆ 2041, ಈ ನಗರವನ್ನೇ 'ಶಿಕಾರಿ'ಯಲ್ಲಿ ಕಡೆದಿಟ್ಟ ಯಶವಂತ ಚಿತ್ತಾಲರಿಗೆ 2074.

ಅವಧಿ ಮುಗಿಯುವವರೆಗೆ ಕಾಯಬೇಕೆಂಬ ನಿರ್ಬಂಧವೂ ಇಲ್ಲ. ನಿರಂಜನರ ಐವತ್ತಕ್ಕೂ ಮಿಕ್ಕ ಕೃತಿಗಳನ್ನು 2014ರಲ್ಲಿ ಅವರ ಕುಟುಂಬದವರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದರು. ಅವನ್ನು ಯಾರು ಬೇಕಾದರೂ ಪ್ರತಿ ಮಾಡಬಹುದು, ಹಂಚಬಹುದು, ವಾಟ್ಸಪ್ ಗುಂಪಿಗೂ ಕಳುಹಿಸಬಹುದು. ಲೇಖಕರ ಹೆಸರನ್ನು ಉಳಿಸಿಕೊಳ್ಳಬೇಕು, ಮಾರ್ಪಡಿಸಿ ಪ್ರಕಟಿಸಿದರೆ ಅದೇ ಪರವಾನಗಿಯಲ್ಲಿ ಪ್ರಕಟಿಸಬೇಕು.