ನೂರು ವರ್ಷದ ಹಾರೈಕೆ, ಎಂಟು ಸೆಮಿಸ್ಟರ್‌ನ ಅವಸರ

ಹೋಳಿಯ ಹಲಗಿ ಸದ್ದು ನಿಲ್ಲುವಷ್ಟರಲ್ಲಿ ಹುಬ್ಬಳ್ಳಿ–ಧಾರವಾಡದ ಬೇವಿನ ಮರಗಳು ಕೆಂಪು ಚಿಗುರು ಹೊತ್ತು ನಿಂತಿರುತ್ತವೆ. ಯುಗಾದಿ ಹತ್ತಿರ ಬಂತೆಂದು ಅರ್ಥ. ಹಬ್ಬದ ದಿನ ಬೇವು–ಬೆಲ್ಲ ತಿನ್ನುವಾಗ ಹೇಳುವ ಶ್ಲೋಕ ನೂರು ವರ್ಷದ ಆಯುಷ್ಯ ಬೇಡುತ್ತದೆ. ಕಾಲಿಗೆ ಬಿದ್ದರೆ ಹಿರಿಯರೂ ಅದನ್ನೇ ಹಾರೈಸುತ್ತಾರೆ.

ಆದರೆ ಇಪ್ಪತ್ತರ ವಯಸ್ಸಿನ ನಮಗೆ ನೂರು ವರ್ಷ ಕಾಣುವುದೇ ಇಲ್ಲ. ನಮ್ಮ ಲೆಕ್ಕ ಎಂಟು ಸೆಮಿಸ್ಟರ್‌ಗೆ ಮುಗಿಯುತ್ತದೆ. ಕ್ಯಾಂಪಸ್ ಸಂದರ್ಶನದಲ್ಲಿ ಕೆಲಸ ಸಿಗದಿದ್ದರೆ ‘ಮುಗೀತಲೇ ಜೀವನ’ ಎನ್ನುವ ಮಾತು ಹಾಸ್ಟೆಲಿನಲ್ಲಿ ದಿನವೂ ಕೇಳುತ್ತದೆ.

ಆಗೆಲ್ಲ ನನಗೆ ನೆನಪಾಗುವವರು ಗಂಗೂಬಾಯಿ ಹಾನಗಲ್. ಅವರು ಹುಟ್ಟಿದ್ದು 1913ರ ಮಾರ್ಚ್ 5ರಂದು, ವಸಂತದ ಹೊಸ್ತಿಲಲ್ಲಿ, ಧಾರವಾಡದಲ್ಲಿ. ಬಾಳಿದ್ದು 96 ವರ್ಷ. ಶಾಲೆ ಪ್ರಾಥಮಿಕ ಹಂತಕ್ಕೇ ನಿಂತಿತು. ಸವಾಯಿ ಗಂಧರ್ವರ ಬಳಿ ಸಂಗೀತ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಹೆಣ್ಣುಮಗಳು ಹಾಡುವುದನ್ನು ಜನ ಹೀಗಳೆಯುತ್ತಿದ್ದ ಕಾಲ ಅದು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಗಂಡುದನಿಯಂತೆ ದಪ್ಪಗಾಯಿತು. ಹಾಡುವವರಿಗೆ ಅದಕ್ಕಿಂತ ದೊಡ್ಡ ಪೆಟ್ಟು ಇನ್ನೇನಿದೆ? ಅವರು ಆ ದನಿಯಲ್ಲೇ ಹಾಡಿದರು. ಮುಂದೆ ಆ ದನಿಯೇ ಅವರ ಗುರುತಾಯಿತು. 2002ರಲ್ಲಿ ಪದ್ಮವಿಭೂಷಣ ಬಂತು. ತೊಂಬತ್ತರ ವಯಸ್ಸಿನಲ್ಲಿ ಕ್ಯಾನ್ಸರ್ ಗೆದ್ದು, 2006ರಲ್ಲಿ ಮತ್ತೆ ವೇದಿಕೆ ಏರಿ ಹಾಡಿದರು. 2009ರಲ್ಲಿ ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಕಣ್ಣುಗಳನ್ನೂ ದಾನ ಮಾಡಿ ಹೋದರು.

ಮೆಕ್ಯಾನಿಕಲ್ ಓದುವ ನಮಗೆ ‘ಫಟೀಗ್’ ಎಂಬ ಪಾಠವಿದೆ. ಉಕ್ಕಿನ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡ ಒಂದು ಮಿತಿಯೊಳಗಿದ್ದರೆ ಅದು ಕೋಟಿ ಸಲವೂ ತಾಳಿಕೊಳ್ಳುತ್ತದೆ. ಮಿತಿ ಮೀರಿದರೆ ಕಣ್ಣಿಗೆ ಕಾಣದ ಬಿರುಕು ಬೆಳೆಯುತ್ತ ಹೋಗಿ ಒಂದು ದಿನ ಥಟ್ಟನೆ ಮುರಿಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಸಿಲಬಸ್ ಹೊರುವ ನಮ್ಮದು ಎರಡನೆಯ ದಾರಿ. ನಿತ್ಯದ ರಿಯಾಜಿನ ಬಲದಿಂದ ಏಳು ದಶಕ ಹಾಡಿದ ಆ ತಾಯಿಯದು ಮೊದಲನೆಯದು.

ಹಾಗಾಗಿ ನನ್ನ ಆದರ್ಶವನ್ನು ಸಣ್ಣದಾಗಿಯೇ ಇಟ್ಟುಕೊಂಡಿದ್ದೇನೆ: ನಾಳೆಯೂ ಮಾಡಬಲ್ಲೆ ಎನ್ನುವಷ್ಟನ್ನು ಇಂದು ತಪ್ಪದೆ ಮಾಡುವುದು. ದಿನಕ್ಕೆ ಎರಡು ತಾಸು ಓದು, ಒಂದಿಷ್ಟು ನಡಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ. ನೌಕರಿ ಈ ವರ್ಷ ಸಿಗಬಹುದು, ಮುಂದಿನ ವರ್ಷವೂ ಸಿಗಬಹುದು. ಧಾರವಾಡದ ತೋಟಗಳಲ್ಲಿ ಎಲ್ಲ ಮಾವಿನ ಮರಗಳೂ ಒಂದೇ ವಾರ ಹೂ ಬಿಡುವುದಿಲ್ಲ. ತಡವಾಗಿ ಹೂ ಬಿಟ್ಟಿತೆಂದು ರೈತ ಮರ ಕಡಿಯುವುದೂ ಇಲ್ಲ.